ಬೆಳೆಯುವ ಅಳತೆಯ ವೆಟ್‌ಸೂಟ್

ಮಡಿಚಿಡಲಾಗದ ಬಟ್ಟೆಯನ್ನು ನಾನು ನಂಬುವವಳಲ್ಲ. ನನ್ನ ಬೀರುವಿನಲ್ಲಿ ಸೀರೆಗಳು ಬಣ್ಣದ ಪ್ರಕಾರ ಇರುತ್ತವೆ, ರವಿಕೆಗಳು ಆಯಾ ಸೀರೆಯ ಮಡಿಕೆಯೊಳಗೆ ಇರುತ್ತವೆ, ಟವೆಲುಗಳ ಅಂಚು ಒಂದೇ ಸಾಲಿನಲ್ಲಿ ಹೊರಗೆ ಕಾಣುತ್ತದೆ. ಆಸ್ಪತ್ರೆಯಲ್ಲಿ ಹೆಡ್ ಸಿಸ್ಟರ್ ಆಗಿದ್ದವಳು ನಾನು. ಮಂಚದ ಮೂಲೆಯಲ್ಲಿ ಬೆಡ್‌ಶೀಟು ಲಕೋಟೆಯಂತೆ ಕೂರದಿದ್ದರೆ ರೋಗಿಯನ್ನು ಎಬ್ಬಿಸಿ ಮತ್ತೆ ಹಾಸಿಸಿದ್ದುಂಟು. ನಿವೃತ್ತಿಯಾಗಿ ಇಷ್ಟು ಕಾಲವಾದರೂ ಬೆಳಿಗ್ಗೆ ಎದ್ದ ಕೂಡಲೇ ನನ್ನ ಹಾಸಿಗೆಗೆ ಅದೇ ಮಡಿಕೆ ಬೀಳುತ್ತದೆ. ರೌಂಡ್ಸಿಗೆ ಬಂದು ನೋಡುವ ಡಾಕ್ಟರು ಯಾರೂ ಇಲ್ಲವೆನ್ನುವುದು ಕೈಗೆ ಇನ್ನೂ ಗೊತ್ತಾಗಿಲ್ಲ.

ಇಂಥ ಮನೆಗೆ ಈಗ ಒಂದು ವೆಟ್‌ಸೂಟ್ ಬಂದು ಸೇರಿಕೊಂಡಿದೆ. ನೀವು ನೋಡಿರದಿದ್ದರೆ ಹೇಳುತ್ತೇನೆ. ತಣ್ಣೀರಿನಲ್ಲಿ ಈಜುವವರು, ಸಣ್ಣ ದೋಣಿಯಲ್ಲಿ ಹುಟ್ಟು ಹಾಕುವವರು ತೊಡುವ ಬಟ್ಟೆ ಅದು. ಕುತ್ತಿಗೆಯಿಂದ ಕಾಲಿನ ಗಿಣ್ಣಿನವರೆಗೆ ಒಂದೇ ತುಂಡು, ಮೆತ್ತನೆಯ ರಬ್ಬರಿನದು. ಅದನ್ನು ಮಡಿಚಬಾರದು, ಮಡಿಚಿದ ಗೆರೆಯಲ್ಲಿ ಬಿರಿಯುತ್ತದೆ. ಇಸ್ತ್ರಿ ಮಾಡಬಾರದು, ಬಿಸಿಲಿಗೆ ಹರವಬಾರದು. ತಂತಿಯ ಹ್ಯಾಂಗರಿಗೆ ಹಾಕಿದರೆ ಭುಜ ಕೆಡುತ್ತದೆಯಂತೆ. ಕೊನೆಗೆ ನಮ್ಮ ಯಜಮಾನರ ಮದುವೆ ಕೋಟಿನ ದಪ್ಪ ಮರದ ಹ್ಯಾಂಗರು ಹುಡುಕಿ ತೆಗೆದು, ಬಚ್ಚಲುಮನೆಯ ನೆರಳಿನಲ್ಲಿ ತೂಗು ಹಾಕಿದೆ. ಕೋಟು ಹೋಯಿತು, ತೊಟ್ಟವರೂ ಹೋದರು, ಹ್ಯಾಂಗರು ಮಾತ್ರ ಗಟ್ಟಿಯಾಗಿತ್ತು.

ನನ್ನ ವಾರಗಿತ್ತಿ ತಿಪ್ಪಮ್ಮ, ಅಂದರೆ ಮೈದುನನ ಹೆಂಡತಿ, ಹಿತ್ತಲ ಗೋಡೆಯ ಆಚೆ ಮನೆಯವಳು. ಅವಳು ಕೈಕಾಲು ತೊಳೆಯಲು ಒಳಗೆ ಹೋದವಳು ಹೋದ ವೇಗದಲ್ಲೇ ಹಿಂದಕ್ಕೆ ಬಂದಳು.

"ಅಕ್ಕಾ, ಬಚ್ಚಲಾಗೆ ಯಾರೋ ನಿಂತವ್ರೆ!"

"ಯಾರೂ ಇಲ್ಲ ಕಣೇ. ಅದು ನನ್ನ ಬಟ್ಟೆ."

"ನಿನ್ ಬಟ್ಟೆ ನೀನಿಲ್ದೆನೇ ನಿಂತ್ಕಣಾದು ಯಾವಾಗಿಂದ ಕಲ್ತವಪ್ಪ?"

ನಿಲ್ಲುತ್ತದೆ, ನಿಜ. ನಾನಿಲ್ಲದೆಯೂ ಅದಕ್ಕೆ ನನ್ನ ಆಕಾರವಿದೆ. ಅದೇ ನೋಡಿ ನನ್ನ ಕಷ್ಟಕ್ಕೆಲ್ಲ ಮೂಲ. ಯಾಕೆಂದರೆ ಇದಕ್ಕೆ ಮೊದಲು ನನ್ನ ಆಕಾರದ ಬಟ್ಟೆಯನ್ನು ನಾನು ಯಾವತ್ತೂ ತೊಟ್ಟವಳೇ ಅಲ್ಲ.

ರಾಮಗಿರಿಯ ಹತ್ತಿರದ ನಮ್ಮ ಊರಿನಿಂದ ಅಪ್ಪ ವರ್ಷಕ್ಕೊಮ್ಮೆ ನನ್ನನ್ನು ಹೊಳಲ್ಕೆರೆಗೆ ಕರೆದುಕೊಂಡು ಹೋಗಿ ಟೈಲರ್ ಮುಂದೆ ನಿಲ್ಲಿಸುತ್ತಿದ್ದರು. ಟೈಲರ್ ಟೇಪು ಬಿಚ್ಚುವ ಮೊದಲೇ ಅಪ್ಪನ ಮಾತು ಬರುತ್ತಿತ್ತು: "ಬೆಳೆಯೋ ಹುಡುಗಿ. ಬೆಳೆಯೋ ಅಳತೆ ಹಾಕಪ್ಪಾ." ಆಮೇಲೆ ಟೇಪು ಹಿಡಿಯುವುದು ಬರೀ ಮರ್ಯಾದೆಗೆ. ಹೊಲಿದು ಬಂದ ಲಂಗದ ಕೆಳಗೆ ಮೂರು ಮಡಿಕೆ ಒಳಗೆ ಹೊಲಿದಿರುತ್ತಿತ್ತು. ವರ್ಷಕ್ಕೊಂದು ಮಡಿಕೆ ಬಿಚ್ಚಿದಾಗ ಆ ಪಟ್ಟಿ ಮಾತ್ರ ಹೊಸ ಬಟ್ಟೆಯ ಬಣ್ಣದಲ್ಲಿ ಹೊಳೆಯುತ್ತಿತ್ತು, ಮೇಲಿನ ಲಂಗ ಮಾಸಿರುತ್ತಿತ್ತು. ಲಂಗ ನೋಡಿ ಹುಡುಗಿ ಯಾವ ವರ್ಷ ಎಷ್ಟು ಬೆಳೆದಳೆಂದು ಹೇಳಬಹುದಿತ್ತು. ಕುಪ್ಪಸದ ತೋಳು ಮೊಣಕೈ ದಾಟಿ ಜೋತಾಡುತ್ತಿತ್ತು. ಅದು ಸರಿಹೋಗುವಷ್ಟು ಬೆಳೆಯುವ ಹೊತ್ತಿಗೆ ಬಟ್ಟೆ ಬೆನ್ನಲ್ಲಿ ಹರಿದು ತಂಗಿಯ ಪಾಲಾಗುತ್ತಿತ್ತು, ಅವಳಿಗೂ ಬೆಳೆಯುವ ಅಳತೆಯೇ. ನರ್ಸಿಂಗ್ ಓದಲು ಚಿತ್ರದುರ್ಗದ ಹಾಸ್ಟೆಲ್ಲು ಸೇರುವಾಗಲೂ ಅಪ್ಪ ಯೂನಿಫಾರ್ಮನ್ನು ದೊಡ್ಡದೇ ಹೊಲಿಸಿದರು. ಬೆಳವಣಿಗೆ ಮುಗಿದಿದೆ ಅಪ್ಪಾ ಎಂದರೆ, "ಇರ್ಲಿ, ಮೈ ಕೈ ತುಂಬ್ಕಂತೀಯ" ಎಂದರು.

ಹಾಸ್ಟೆಲ್ಲಿನಲ್ಲಿ ಗಂಟೆ ಬಾರಿಸಿದರೆ ಏಳಬೇಕು, ಗಂಟೆ ಬಾರಿಸಿದರೆ ಉಣ್ಣಬೇಕು. ಗಂಟೆಗಿಂತ ಮುಂಚೆ ಎದ್ದು ಕೂರುವ ಅಭ್ಯಾಸ ಅಲ್ಲಿ ಅಂಟಿತು. ಆದರೆ ಅದಕ್ಕೂ ಮೊದಲು, ಯಾವ ಗಂಟೆಯೂ ಇಲ್ಲದ ಒಂದು ಕಾಲವಿತ್ತು. ಆ ಕಾಲವೆಲ್ಲ ಒಂದು ಬಾವಿಯೊಳಗೆ ಇತ್ತು.

ನಮ್ಮ ಹೊಲದ ಬಾವಿ ಅದು. ಒಂದು ಬದಿಗೆ ಕಲ್ಲಿನ ಮೆಟ್ಟಿಲು, ಇನ್ನೊಂದು ಬದಿಗೆ ಎತ್ತು ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತುವ ಕಪಿಲೆ. ನನಗೆ ಈಜು ಕಲಿಸಿದ್ದು ಅವ್ವನ ತಂಗಿ, ನನ್ನ ಚಿಕ್ಕಮ್ಮ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ, ಮೆಟ್ಟಿಲ ಮೇಲೆ ನಿಲ್ಲಿಸಿ, ಎಲ್ಲೋ ದೂರದಲ್ಲಿ ಒಂದು ರೈಲು ಕೂಗಿದ್ದನ್ನು ನಾನು ಕೇಳುತ್ತಿರುವಾಗಲೇ ಹಿಂದಿನಿಂದ ತಳ್ಳಿಬಿಟ್ಟಿದ್ದಳು. ಮುಳುಗಿ ಎದ್ದು ಉಗುಳಿ ಅಳುವುದರೊಳಗೆ ತಾನೂ ಕಚ್ಚೆ ಕಟ್ಟಿ ಹಾರಿ ಪಕ್ಕದಲ್ಲಿದ್ದಳು. "ಅಳಾದು ಮೇಲೆ ಬಂದ್ಮೇಲೆ ಅಳು, ಈಗ ಕಾಲು ಬಡಿ" ಎಂದಳು. ಬಡಿದೆ. ಕೆಲವು ದಿನಗಳಲ್ಲಿ ಬುರುಡೆ ಬಿಚ್ಚಿ ಹೋಯಿತು.

ಬೆಳೆಯುವ ಅಳತೆಯ ಲಂಗಕ್ಕೆ ಒಂದು ಉಪಯೋಗವಿದ್ದದ್ದು ನನಗೆ ಗೊತ್ತಾದದ್ದು ಅಲ್ಲೇ. ಲಂಗವನ್ನು ಎದೆಯ ಮೇಲಕ್ಕೆ ಕಟ್ಟಿ ಕಾಲು ಮುಂದಾಗಿ ಹಾರಿದರೆ ಅದರೊಳಗೆ ಗಾಳಿ ಸಿಕ್ಕಿಕೊಂಡು ನೀರ ಮೇಲೆ ಬುಗ್ಗೆಯ ಹಾಗೆ ಉಬ್ಬುತ್ತಿತ್ತು. ಆ ಬುಗ್ಗೆಯ ನಡುವೆ ತಲೆಯೊಂದನ್ನು ಇಟ್ಟುಕೊಂಡು ನಾನು ತೇಲುತ್ತಿದ್ದೆ. ಗಾಳಿ ನಿಧಾನಕ್ಕೆ ಪುಸ್ಸೆಂದು ಸೋರಿ ಲಂಗ ಕಾಲಿಗೆ ಸುತ್ತಿಕೊಳ್ಳುವವರೆಗೂ ಮೇಲಿರುವ ಗುಂಡನೆಯ ಆಕಾಶ ನನ್ನದೇ. ಅಂಥ ಸುಖವನ್ನು ನಾನು ಆಮೇಲೆ ಎಲ್ಲಿಯೂ ಕಾಣಲಿಲ್ಲ. ಕಾಣಲಿಲ್ಲವೆಂದು ಯಾರಲ್ಲಿಯೂ ಹೇಳಲೂ ಇಲ್ಲ.

ಒಂದು ದಿನ ಬಾವಿಯ ದಡದಲ್ಲಿ ಅವ್ವ ನಿಂತಿದ್ದಳು.

"ಸಾಕು ಹತ್ತು ಮೇಲಕ್ಕೆ. ಇನ್ಮ್ಯಾಲೆ ಇಳಿಯಂಗಿಲ್ಲ."

"ಯಾಕಕ್ಕ, ಆಡ್ಲಿ ಬಿಡು" ಎಂದಳು ಚಿಕ್ಕಮ್ಮ.

"ನೀನು ಸುಮ್ಕಿರು. ದೊಡ್ಡೋಳಾಗೇಳೆ. ಒದ್ದೆ ಬಟ್ಟೆ ಮೈಗಂಟ್ಕಂಡು ಮ್ಯಾಲೆ ಬಂದ್ರೆ ನೋಡೋರ ಕಣ್ಣು ಸುಮ್ಕಿರ್ತಾವಾ?"

ನಾನು ಹತ್ತಿ ಬಂದೆ. ಅವ್ವ ತನ್ನ ಸೆರಗು ಬಿಚ್ಚಿ ನನ್ನ ಮೇಲೆ ಹೊದಿಸಿದಳು. ಅವಳ ಮಾತಿನಲ್ಲಿ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಿತ್ತೆಂದು ಈಗ ತಿಳಿಯುತ್ತದೆ. ಆಗ ತಿಳಿದದ್ದು ಇಷ್ಟೇ, ಬಟ್ಟೆ ಮೈಗೆ ಅಂಟಬಾರದು. ಅಲ್ಲಿಂದಾಚೆಗೆ ನಾನು ನೀರಿಗಿಳಿಯಲಿಲ್ಲ. ಆ ಬಾವಿಯೂ ಈಗಿಲ್ಲ. ಕೊಳವೆಬಾವಿ ಕೊರೆಸಿದ ಮೇಲೆ ಅದರ ಬಾಯಿಗೆ ಕಲ್ಲುಮಣ್ಣು ತುಂಬಿದರು. ಮೇಲೆ ತೆಂಗಿನ ಗಿಡವಿದೆ, ಚೆನ್ನಾಗಿ ಕಾಯಿ ಬಿಡುತ್ತದೆಯಂತೆ.

ಮದುವೆಯಾಗಿ, ಕೆಲಸ ಸಿಕ್ಕಿ, ಹಿರಿಯೂರಿಗೆ ಬಂದು ನೆಲೆಸಿದೆ. ನೀರು ನನ್ನನ್ನು ಬಿಟ್ಟರೂ ನನ್ನ ಕಣ್ಣೆದುರಿನಿಂದ ಹೋಗಲಿಲ್ಲ. ಮಾರಿಕಣಿವೆ ಜಲಾಶಯ ಅಷ್ಟು ಹತ್ತಿರದಲ್ಲಿತ್ತು. ಎಷ್ಟೋ ವರ್ಷ ತಳ ಕಾಣಿಸಿಕೊಂಡು ಮಲಗಿದ್ದ ಜಲಾಶಯ ಈಚೆಗೆ ತುಂಬಿ ಕೋಡಿ ಬಿದ್ದಾಗ ಊರಿಗೆ ಊರೇ ನೋಡಲು ಹೋಯಿತು. ನಾನೂ ಹೋಗಿ ಗುಂಪಿನಲ್ಲಿ ನಿಂತು ನೋಡಿದೆ. ಎಲ್ಲರೂ ಹೊರಗೆ ಧುಮುಕುವ ನೀರಿನ ಫೋಟೋ ತೆಗೆಯುತ್ತಿದ್ದರು. ನಾನು ನೋಡುತ್ತಿದ್ದದ್ದು ಒಳಗೆ ಸುಮ್ಮನೆ ನಿಂತಿದ್ದ ನೀರನ್ನು.

ಹಿನ್ನೀರು ಹೊಸದುರ್ಗದ ಕಡೆ ಬಹು ದೂರ ಚಾಚಿಕೊಂಡಿದೆ. ಅಲ್ಲೊಂದು ಕಡೆ ನಸೀಮಾ ಎಂಬಾಕೆ ಗಂಡನ ಜೊತೆ ಕೆಲವು ಕಯಾಕ್‌ಗಳನ್ನು, ಒಬ್ಬರೇ ಕೂತು ಹುಟ್ಟು ಹಾಕುವ ಉದ್ದನೆಯ ದೋಣಿಗಳನ್ನು ಇಟ್ಟುಕೊಂಡಿದ್ದಾಳೆ. ಯಾರದೋ ಗೃಹಪ್ರವೇಶಕ್ಕೆ ಹೋಗಿ ಬರುವಾಗ ನಾನೂ ತಿಪ್ಪಮ್ಮನೂ ಅಲ್ಲಿ ನಿಂತೆವು. ನಾನು ನೀರು ನೋಡುತ್ತ ನಿಂತದ್ದು ಸ್ವಲ್ಪ ಹೆಚ್ಚೇ ಆಯಿತೇನೋ.

"ಈಜು ಬರ್ತೈತಾ ಅಮ್ಮಾ?" ಎಂದು ನಸೀಮಾ ಕೇಳಿದಳು.

"ಬರ್ತಿತ್ತು."

"ಬರ್ತಿತ್ತು ಅಂದ್ರೆ ಈಗ್ಲೂ ಬರ್ತೈತೆ. ಈಜು ಎಲ್ಲಿಗೂ ಹೋಗಾಕಿಲ್ಲ. ಬರ್ರಿ ಒಂದಿನ, ನಾನು ಪಕ್ಕದಾಗೇ ಇರ್ತೀನಿ, ಲೈಫ್ ಜಾಕೆಟ್ ಐತೆ. ಬೆಳಿಗ್ಗೆ ನೀರು ಭಾಳ ತಣ್ಣಗಿರ್ತೈತೆ, ನಿಮ್ಮ ವಯಸ್ಸಿಗೆ ಮೈ ಸೆಟೆದುಕಂತೈತೆ. ಒಂದು ವೆಟ್‌ಸೂಟ್ ತಗಂಬರ್ರಿ."

ತನ್ನದನ್ನು ತೋರಿಸಿದಳು. ಕುತ್ತಿಗೆಯಿಂದ ಕಾಲಿನ ಗಿಣ್ಣಿನವರೆಗೆ ಮುಚ್ಚುವ ಬಟ್ಟೆ! ಸೆರಗು ಜಾರುವ ಭಯವಿಲ್ಲ, ನೆರಿಗೆ ಕಾಲಿಗೆ ಸುತ್ತುವುದಿಲ್ಲ. ಇಂಥದ್ದೊಂದನ್ನು ಯಾರಾದರೂ ಆಗಲೇ ಹೊಲಿದು ಅವ್ವನ ಕೈಗೆ ಕೊಟ್ಟಿದ್ದರೆ ಎಂದುಕೊಂಡೆ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಗೆ ಮುಖವಿಟ್ಟು ಕೂತಿದ್ದೆ. ತಿಪ್ಪಮ್ಮ ನನ್ನ ಹಣೆ ಮುಟ್ಟಿ ನೋಡಿದಳು.

ಕೆಲಸಕ್ಕಿಳಿದರೆ ನಾನು ಅಚ್ಚುಕಟ್ಟು. ಫೋನಿನಲ್ಲಿ ಹುಡುಕಿ, ಓದಿ, ತಿಳಿದುಕೊಂಡೆ. ಈ ಬಟ್ಟೆಯ ದಪ್ಪವನ್ನು ಮಿಲಿಮೀಟರಿನಲ್ಲಿ ಹೇಳುತ್ತಾರೆ. ಹಿಮದ ದೇಶಕ್ಕೆ ಐದಾರು ಬೇಕು, ನಮ್ಮ ಕಡೆಯ ನೀರಿಗೆ ಎರಡೋ ಮೂರೋ ಸಾಕು. ಎದೆ ಬೆನ್ನಿಗೆ ದಪ್ಪವಾಗಿದ್ದು ತೋಳು ತೆಳ್ಳಗಿದ್ದರೆ ಕೈ ಬೀಸಲು ಹಗುರ. ಹೊಲಿಗೆ ಚಪ್ಪಟೆಯಾಗಿರಬೇಕು, ಇಲ್ಲದಿದ್ದರೆ ಕಂಕುಳು ಉಜ್ಜಿ ಹುಣ್ಣಾಗುತ್ತದೆ. ಜಿಪ್ಪು ಮುಂದಿದ್ದರೆ ಒಬ್ಬರೇ ಹಾಕಿಕೊಳ್ಳಬಹುದು, ಬೆನ್ನಿಗಿದ್ದರೆ ತೊಡುವುದು ಸಲೀಸು, ಆದರೆ ಎಳೆಯಲು ಇನ್ನೊಬ್ಬರು ಬೇಕು. ತಿಪ್ಪಮ್ಮನನ್ನು ನೆನೆದು ಬೆನ್ನಿನ ಜಿಪ್ಪನ್ನೇ ಆರಿಸಿದೆ. ಎಲ್ಲ ಕಡೆಯೂ ಒತ್ತಿ ಒತ್ತಿ ಹೇಳಿದ್ದ ಮಾತು ಒಂದೇ: ಬಟ್ಟೆ ಚರ್ಮದಂತೆ ಬಿಗಿಯಾಗಿರಲಿ. ಇದು ನೀರನ್ನು ಪೂರ್ತಿ ತಡೆಯುವ ಬಟ್ಟೆಯಲ್ಲ. ಸ್ವಲ್ಪವೇ ನೀರು ಒಳಗೆ ಬಂದು, ಮೈಗೂ ಬಟ್ಟೆಗೂ ನಡುವೆ ನಿಂತು, ಮೈಯ ಕಾವಿಗೆ ಬೆಚ್ಚಗಾಗುತ್ತದೆ. ಬಟ್ಟೆ ಸಡಿಲವಾದರೆ ಆ ನೀರು ನಿಲ್ಲದೆ ಹರಿಯುತ್ತದೆ. ಇದನ್ನು ತಿಪ್ಪಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದವಳೂ ನಾನೇ.

ಆಮೇಲೆ ಅಳತೆ ತೆಗೆದೆವು. ತಿಪ್ಪಮ್ಮ ಎದೆಯ ಸುತ್ತ ಟೇಪು ಸುತ್ತಿ, ಒಳಗೆ ಎರಡು ಬೆರಳು ತೂರಿಸಿದಳು.

"ಬೆರಳು ತೆಗಿಯೇ."

"ಉಸಿರಾಡಾಕೆ ಬ್ಯಾಡೇನಕ್ಕ? ಉಂಡ ಮ್ಯಾಲೆ ಹೊಟ್ಟೆ ಎಲ್ಲಿಗೋಗ್ಬೇಕು?"

"ಉಂಡು ಯಾರೂ ಈಜೋದಿಲ್ಲ."

"ಇರ್ಲಿ ತಗಾ. ನೀರಿಗೆ ಹಾಕಿದ್ರೆ ಬಟ್ಟೆ ಗಿಡ್ಡಾಗ್ತೈತೆ."

ಸೊಂಟಕ್ಕೂ ಎರಡು ಬೆರಳು, ತೊಡೆಗೂ ಎರಡು ಬೆರಳು. ಫೋನಿನಲ್ಲಿ ಸೈಜಿನ ಪಟ್ಟಿ ನೋಡಿದರೆ ನಾನು ಎರಡು ಸೈಜುಗಳ ನಡುವೆ ಬಿದ್ದಿದ್ದೆ. ದೊಡ್ಡದರ ಮೇಲೆ ಬೆರಳಿಟ್ಟೆ. ಅದರ ಪಕ್ಕದಲ್ಲಿ ಅದಕ್ಕಿಂತ ದೊಡ್ಡದು ಇತ್ತು. ಓದಿದ್ದೆಲ್ಲ ಕಣ್ಣಿನಲ್ಲೇ ಉಳಿಯಿತು, ಬೆರಳು ತನ್ನ ರೂಢಿಯಂತೆ ಆ ಇನ್ನೂ ದೊಡ್ಡದನ್ನೇ ಒತ್ತಿತು. ಬೆಳೆಯುವುದು ನಿಂತು ಐವತ್ತು ಚಿಲ್ಲರೆ ವರ್ಷವಾದವಳು ಬೆಳೆಯುವ ಅಳತೆಯ ವೆಟ್‌ಸೂಟ್ ತರಿಸಿದೆ.

ಸೂಟು ಬಂತು. ನೈಟಿಯಷ್ಟು ಸುಲಭವಾಗಿ ಮೈಮೇಲೆ ಇಳಿಯಿತು. ಎಷ್ಟು ಚೆನ್ನಾಗಿ ಹಿಡಿಸಿತು ಎಂದು ಹಿಗ್ಗಿದೆ. "ಟ್ರ್ಯಾಕ್ಟರ್ ಟ್ಯೂಬಿಗೆ ಕೈಕಾಲು ಬಂದಂಗೈತೆ" ಎಂದಳು ತಿಪ್ಪಮ್ಮ. ಅದೂ ನನಗೆ ಮೆಚ್ಚಿಗೆಯಂತೆಯೇ ಕೇಳಿಸಿತು.

ಹಿನ್ನೀರಿನಲ್ಲಿ ಭುಜದವರೆಗೆ ಮುಳುಗುವಷ್ಟರಲ್ಲಿ ಕುತ್ತಿಗೆಯಿಂದ ತಣ್ಣೀರು ಕೊಡದಲ್ಲಿ ಸುರಿದಂತೆ ಒಳಗಿಳಿಯಿತು. ಕಾಲಿಗೆ ಇಳಿದ ನೀರು ಹೊರಗೆ ಹೋಗಲು ದಾರಿ ಕಾಣದೆ ಅಲ್ಲೇ ನಿಂತಿತು. ಕೈ ಬೀಸಿದರೆ ತೋಳಿನೊಳಗೆ ಗುಳುಗುಳು. ಹಲ್ಲು ಕಟಕಟ. ಎದೆ ಬೆನ್ನಿನ ನೀರು ಬೆಚ್ಚಗಾಗುವ ಮೊದಲೇ ಹೊರಗೆ ಹೋಗಿ ಇನ್ನೊಂದು ಕೊಡ ಬರುತ್ತಿತ್ತು. ದಡಕ್ಕೆ ಬಂದಾಗ ನನ್ನ ಮೀನಖಂಡಗಳು ಹಾಲು ಕರೆಯದ ಎಮ್ಮೆಯ ಕೆಚ್ಚಲಿನಂತೆ ಉಬ್ಬಿದ್ದವು. ನಸೀಮಾ ಮತ್ತು ತಿಪ್ಪಮ್ಮ ಎರಡು ಕಡೆ ಹಿಡಿದೆಳೆದು ಹತ್ತಿಸಿದರು. ಬಾವಿಯಿಂದ ಕಪಿಲೆಯ ಚರ್ಮದ ಚೀಲ ಮೇಲೆ ಬರುತ್ತಿದ್ದದ್ದು ಹೀಗೆಯೇ, ಅದರೊಳಗೆ ಮುದುಕಿ ಇರುತ್ತಿರಲಿಲ್ಲ, ಅಷ್ಟೇ.

"ಸಿಸ್ಟ್ರಮ್ಮ, ಇದು ನಿಮ್ದಲ್ಲ" ಎಂದಳು ನಸೀಮಾ ನಗು ತಡೆದುಕೊಂಡು. "ಇದರಾಗೆ ಇನ್ನೊಬ್ರು ಹಿಡೀತಾರೆ."

ಸೂಟನ್ನು ಒಣಗಿಸಿ ಅವಳಿಗೇ ಬಿಟ್ಟು ಬಂದೆ, ಯಾರಿಗಾದರೂ ಆದೀತು. ಬೆರಳು ತೂರಿಸದೆ ಮತ್ತೆ ಅಳತೆ ತೆಗೆದು ಇನ್ನೊಂದನ್ನು ತರಿಸಿದೆ. ಈ ಸಲ ತೊಡುವುದೇ ಒಂದು ಯುದ್ಧ. ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಜಾರುತ್ತದೆಂದು ಓದಿದ್ದೆ. ಹಾಗೆ ಮಾಡಿ, ಚೂರು ಚೂರೇ ಮೇಲಕ್ಕೆಳೆದು, ಬೆವೆತು, ಕೂತು, ಮತ್ತೆ ಎದ್ದು, ಕೊನೆಗೆ ತಿಪ್ಪಮ್ಮ ಬೆನ್ನಿಗೆ ಮೊಣಕಾಲು ಕೊಟ್ಟು ಜಿಪ್ಪು ಎಳೆದಳು.

ಕನ್ನಡಿಯ ಮುಂದೆ ನಿಂತೆ. ಎಲ್ಲಿಯೂ ಒಂದು ಗೆರೆ ಚರ್ಮ ಕಾಣುತ್ತಿರಲಿಲ್ಲ. ಆದರೂ ಎಲ್ಲವೂ ಕಾಣುತ್ತಿತ್ತು. ಇಳಿದ ಎದೆ, ಮುಂದೆ ಬಂದ ಹೊಟ್ಟೆ, ಒಂದು ಕಡೆ ವಾಲಿದ ಸೊಂಟ. ಸಾವಿರಾರು ಜನರ ಮೈ ಒರೆಸಿದ ಕೈ ನನ್ನದು, ಯಾರ ಮೈಗೂ ನಾನು ಮುಖ ತಿರುಗಿಸಿದವಳಲ್ಲ. ನನ್ನದನ್ನು ಮಾತ್ರ ಹೀಗೆ ಇಡಿಯಾಗಿ ನೋಡಿರಲಿಲ್ಲ. ಮೈಗೆ ಅಂಟಿದ ಬಟ್ಟೆ. ಬಾವಿಯ ದಡದಲ್ಲಿ ಅವ್ವ ಹೆದರಿದ್ದು ಇದಕ್ಕೇ ಅಲ್ಲವೇ? ನೀರಿಗಿಳಿಯಬೇಕಾದರೆ ಇದನ್ನೇ ತೊಡಬೇಕು, ಇದನ್ನು ತೊಟ್ಟು ದಡದಲ್ಲಿ ನಾಲ್ಕು ಜನರ ಎದುರು ನಡೆಯಬೇಕು.

"ವಾಪಸ್ ಕಳಿಸ್ತೀನಿ" ಎಂದೆ.

"ಯಾಕೆ? ಈಗ ಸರಿಯಾಗೈತಲ್ಲ."

"ಎಲ್ಲಾ ಕಾಣ್ಸುತ್ತೆ ಕಣೇ."

ತಿಪ್ಪಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸಮಾಧಾನ ಹೇಳುವ ದನಿಯಲ್ಲಿ, "ಅಯ್ಯೋ, ಈಗ ನಮ್ಮನ್ನ ಯಾರು ನೋಡ್ತಾರಕ್ಕ?" ಎಂದಳು.

ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವಳು ಹೋದ ಮೇಲೆ ನಾನು ಹಾಗೆಯೇ ಮಂಚದ ತುದಿಯಲ್ಲಿ ಕೂತೆ, ಬೆಡ್‌ಶೀಟಿನ ಮಡಿಕೆ ಕೆಟ್ಟದ್ದೂ ಗಮನಕ್ಕೆ ಬರಲಿಲ್ಲ. ಯಾರದೋ ಕಣ್ಣುಗಳಿಗೆ ಹೆದರಿ ಹುಡುಗಿಯೊಬ್ಬಳು ನೀರಿನಿಂದ ಮೇಲೆ ಬಂದಿದ್ದಳು. ಅವಳು ಇಷ್ಟು ಕಾಲ ಕಾದಿದ್ದಾಳೆ. ಆ ಕಣ್ಣುಗಳು ಅವಳನ್ನು ಬಿಟ್ಟು ಎಂದೋ ಎದ್ದು ಹೋಗಿವೆಯಂತೆ, ಹೋಗುವಾಗ ಅವಳಿಗೊಂದು ಮಾತೂ ಹೇಳಲಿಲ್ಲ. ಅವ್ವ ಇಲ್ಲ, ಚಿಕ್ಕಮ್ಮ ಇಲ್ಲ, ಬಾವಿಯೂ ಇಲ್ಲ. ಇನ್ನು ನನ್ನನ್ನು ತಡೆಯುವುದಕ್ಕೆ ನಾನೊಬ್ಬಳೇ ಉಳಿದಿದ್ದೆ. ಮೊಣಕಾಲುಗಳು ಈಗಾಗಲೇ ಮೆಟ್ಟಿಲಿಗೆ ತಕರಾರು ತೆಗೆದಿವೆ. ಈ ಚಳಿಗಾಲದಲ್ಲಿ ನೀರಿಗೆ ಇಳಿಯದಿದ್ದರೆ ಮುಂದಿನದಕ್ಕೆ ಅವು ಒಪ್ಪುವ ನಂಬಿಕೆ ನನಗಿರಲಿಲ್ಲ.

"ನಾಳೆ ಹೋಗಾಣ ನಡಿ" ಎಂದು ಗೋಡೆಯ ಮೇಲಿನಿಂದ ಕೂಗಿ ಹೇಳಿದೆ.

ಮರುದಿನ ಹೊಸದುರ್ಗದ ಮೊದಲ ಬಸ್ಸಿಗೆ ಹೋದೆವು. ನಸೀಮಾಳ ತಾಡಪಾಲಿನ ಶೆಡ್ಡಿನಲ್ಲಿ ಸೂಟು ತೊಟ್ಟು ಹೊರಗೆ ಬಂದಾಗ ಬಟ್ಟೆ ಒಗೆಯುತ್ತಿದ್ದ ಇಬ್ಬರು ಹೆಂಗಸರು ತಲೆಯೆತ್ತಿದರು. ನಾನು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲೆ ಕಟ್ಟಿಕೊಂಡೆ.

"ಚಳಿ ಬಟ್ಟೆ ಏನಜ್ಜಿ? ಬೆಚ್ಚಗಿರ್ತೈತಾ?" ಎಂದಳು ಒಬ್ಬಳು.

"ಇರ್ತೈತಂತೆ" ಎಂದೆ.

ಕುರಿಗಳಿಗೆ ನೀರು ಕುಡಿಸುತ್ತಿದ್ದವನು ದೂರದಿಂದಲೇ ಕೂಗಿದ: "ಅಲ್ಲಿ ಇಳೀಬ್ಯಾಡ್ರೀ, ಕೆಸರೈತೆ. ಈ ಕಡಿಗೆ ಬರ್ರಿ, ಕಲ್ಲೈತೆ." ಅಷ್ಟು ಹೇಳಿ ತಪ್ಪಿಸಿಕೊಂಡ ಮರಿಯ ಹಿಂದೆ ಹೋದ. ಅಷ್ಟೇ. ನೋಡುವವರ ಕಣ್ಣು ಎಂದರೆ ಅಷ್ಟೇ ಆಗಿತ್ತು.

ಇಳಿದೆ. ಬೆನ್ನಿನ ಜಿಪ್ಪಿನ ಸಂದಿಯಿಂದ ತಣ್ಣನೆಯ ಒಂದು ಎಳೆ ಬೆನ್ನಮೂಳೆಯುದ್ದಕ್ಕೂ ಇಳಿಯಿತು. ಉಸಿರು ಸಿಕ್ಕಿಕೊಂಡಿತು. ನಸೀಮಾ ಪಕ್ಕದಲ್ಲೇ ದೋಣಿಯಲ್ಲಿದ್ದಳು. ಕಾಲು ನೆಲ ಬಿಟ್ಟಿತು, ಬಡಿದೆ. ಮೈಗೆ ಮೊದಲು ನೆನಪಾಗಿ ನನಗೆ ಆಮೇಲೆ ನೆನಪಾಯಿತು. ಎರಡು ಸಲ ಕೈ ಬೀಸುವುದರೊಳಗೆ ಆ ತಣ್ಣನೆಯ ಎಳೆ ಎಲ್ಲೋ ಮಾಯವಾಗಿ, ಮೈಸುತ್ತ ಯಾರೋ ಅಪ್ಪಿಕೊಂಡ ಹಾಗೆ ಬೆಚ್ಚಗಾಯಿತು. ಮಗುಚಿ ಅಂಗಾತ ಮಲಗಿದೆ. ಬಾವಿಯ ಗುಂಡನೆಯ ಆಕಾಶ ಇಲ್ಲಿರಲಿಲ್ಲ. ಇದು ಅಂಚೇ ಇಲ್ಲದ ಆಕಾಶ. ಆ ಗುಂಡನೆಯದೇ ಬೇಕೆಂದು ಒಂದು ಗಳಿಗೆ ಹಠ ಬಂತು. ಆ ಲಂಗ, ಆ ಬುಗ್ಗೆ, ಪಕ್ಕದಲ್ಲಿ ಕಾಲು ಬಡಿ ಎನ್ನುವ ದನಿ. ಕಿವಿ ನೀರೊಳಗಿತ್ತು, ಏನೂ ಕೇಳಿಸಲಿಲ್ಲ. ಕಣ್ಣಿಂದ ಇಳಿದದ್ದು ಹಿನ್ನೀರಿಗೆ ಸೇರಿತು, ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ತಿರುಗಿ ದಡದತ್ತ ನೋಡಿದೆ. ತಿಪ್ಪಮ್ಮ ನನ್ನ ಟವೆಲ್ಲು, ಕನ್ನಡಕ, ವಾಚು ಹಿಡಿದುಕೊಂಡು ಕಲ್ಲಿನ ಮೇಲೆ ನಿಂತಿದ್ದಳು. ನೀರಿನೊಳಗಿನಿಂದ ದಡ ಹೀಗೆ ಕಾಣುತ್ತದೆಂದು ನನಗೆ ಗೊತ್ತಿರಲಿಲ್ಲ. ಹಿಂದೆ, ನೀರಿದ್ದ ವರ್ಷಗಳಲ್ಲಿ, ಭಾನುವಾರಗಳಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಬಂದಾಗ ಗಂಡಸರು ಧುಮುಕಿ ಕೇಕೆ ಹಾಕುತ್ತಿದ್ದರು. ನಾವಿಬ್ಬರು ವಾರಗಿತ್ತಿಯರು ಅವರ ವಾಚು, ಬನಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದೆವು. ಒಮ್ಮೆ ನಮ್ಮ ಯಜಮಾನರು ತಲೆ ಒರೆಸಿಕೊಳ್ಳುತ್ತ, "ನಿಂಗೆ ನೀರು ಕಂಡ್ರೆ ಭಯ ಅಲ್ವಾ?" ಎಂದು ಅಕ್ಕರೆಯಿಂದ ಕೇಳಿದ್ದರು. ಹೌದು ಎಂದಿದ್ದೆ.

ಮೇಲೆ ಬಂದೆ. ಮೈ ಭಾರವಾಗಿ ಕಲ್ಲಿಗೊರಗಿ ನಿಂತೆ. ತಿಪ್ಪಮ್ಮ ಬೆನ್ನ ಹಿಂದೆ ಬಂದು ಜಿಪ್ಪನ್ನು ಸೊಂಟದವರೆಗೆ ಇಳಿಸಿದಳು. ಒಳಗಿದ್ದ ಬೆಚ್ಚನೆಯ ನೀರು ಅವಳ ಕೈಮೇಲೆ ಹರಿಯಿತು. ಅವಳು ಕೈಯನ್ನು ಅಲ್ಲೇ ಇಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು.

"ಸಾಕಾಯ್ತೇನಕ್ಕ ಈಗ?"

ಊಟಕ್ಕೆ ಬಡಿಸುವಾಗ, ಡ್ಯೂಟಿ ಹಾಕುವಾಗ, ಯಾರು ಏನು ಕೇಳಿದರೂ ಸಾಕು ಎಂದೇ ಹೇಳಿ ರೂಢಿಯಾದ ಬಾಯಿ ನನ್ನದು. ಅದು ತೆರೆಯಿತು.

"ಇಲ್ಲ ತಿಪ್ಪಿ. ಸಾಕಾಗಿಲ್ಲ."

"ಮತ್ತೆ ಯಾಕೆ ಮ್ಯಾಲೆ ಬಂದೆ?" ಎಂದು ಗದರಿದಳು. ನನ್ನನ್ನು ನೀರಿನ ಕಡೆ ತಿರುಗಿಸಿ, ಬೆನ್ನಿಗೆ ಮೊಣಕಾಲು ಕೊಟ್ಟು, "ಉಸಿರು ಬಿಡು" ಎಂದು ಜಿಪ್ಪನ್ನು ಕುತ್ತಿಗೆಯವರೆಗೆ ಎಳೆದಳು.